ಮೂಲೆ ಕಪಾಟಿನ ತಿರುಗುವ ಶೆಲ್ಫು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂಲೆ ಕಪಾಟಿನೊಳಗಿನ ತಿರುಗುವ ಶೆಲ್ಫಿನವೇ ಹೆಚ್ಚು. "ಹೊಸ ಬೇರಿಂಗ್ ಯಾವುದು ತರಲಿ?" ಎಂದು ಹಲವರು ಕೇಳಿದ್ದಾರೆ. ತರುವ ಮೊದಲು ಎರಡು ವಿಷಯ ನೋಡಿಕೊಳ್ಳಿ: ಶೆಲ್ಫು ತಿರುಗುವ ಅಚ್ಚು, ಅಂದರೆ ನಡುಗಂಬ, ನೆಟ್ಟಗೆ ನಿಂತಿದೆಯೇ, ಬೇರಿಂಗ್ ಕೂತಿರುವ ಹಲಗೆ ಸಮತಟ್ಟಾಗಿದೆಯೇ. ಕಪಾಟಿನೊಳಗಿನ ನಿಧಾನದ ಓಡಾಟಕ್ಕೆ ಬೇರಿಂಗಿನೊಳಗಿನ ಉಕ್ಕಿನ ಗುಂಡುಗಳು ಸುಲಭವಾಗಿ ಸವೆಯುವುದಿಲ್ಲ. ಅವುಗಳ ಸುತ್ತಲಿನ ಮರದ ಕೆಲಸ, ಸ್ಕ್ರೂಗಳ ಹಿಡಿತ ಕೆಡುವುದೇ ಜಾಸ್ತಿ.

ಪ್ರಶ್ನೆ: ನಮ್ಮ ಮೂಲೆ ಕಪಾಟಿನಲ್ಲಿ ನಡುಗಂಬಕ್ಕೆ ಜೋಡಿಸಿದ ಎರಡು ಶೆಲ್ಫುಗಳಿವೆ. ಮುಂದೆ ಕಾಲು ಭಾಗ ಕತ್ತರಿಸಿದ ಆಕಾರ. ಎಲ್ಲಿ ನಿಲ್ಲಿಸಿದರೂ ತಾನಾಗಿ ತಿರುಗಿ, ತುಂಬಿದ ಭಾಗ ಮುಂದಕ್ಕೆ ಬಂದು ಬಾಗಿಲು ಮುಚ್ಚಲು ಬಿಡುವುದಿಲ್ಲ. ಬೇರಿಂಗ್ ಸಡಿಲವಾಗಿದೆಯೇ?

ಬೇರಿಂಗ್ ಸಡಿಲವಾದರೆ ಶೆಲ್ಫು ಅಲ್ಲಾಡುತ್ತದೆ, ತಾನಾಗಿ ತಿರುಗುವುದಿಲ್ಲ. ಯಾವಾಗಲೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರೆ ಕಂಬ ವಾಲಿದೆ ಎಂದೇ ತಿಳಿಯಿರಿ.

ಪೂರ್ತಿ ದುಂಡಗಿನ ಖಾಲಿ ಶೆಲ್ಫಿನ ತೂಕದ ಕೇಂದ್ರ ಕಂಬದ ಮೇಲೇ ಇರುತ್ತದೆ. ಹಾಗಾಗಿ ಕಂಬ ಸ್ವಲ್ಪ ವಾಲಿದರೂ ಅದು ನಿಲ್ಲಿಸಿದಲ್ಲೇ ನಿಲ್ಲುತ್ತದೆ. ನಿಮ್ಮದು ಕಾಲು ಭಾಗ ಕತ್ತರಿಸಿದ್ದು. 700 ಮಿ.ಮೀ. ವ್ಯಾಸದ ತಟ್ಟೆಯಿಂದ ನಡುವಿನವರೆಗೆ ಕಾಲು ಭಾಗ ತೆಗೆದರೆ ತೂಕದ ಕೇಂದ್ರ ಕತ್ತರಿಸಿದ ಜಾಗದ ಎದುರು ಬದಿಗೆ ಸುಮಾರು 70 ಮಿ.ಮೀ. ಸರಿಯುತ್ತದೆ. ಕತ್ತರಿಸಿದ್ದು ಕಡಿಮೆಯಿದ್ದರೆ ಸರಿಯುವುದೂ ಕಡಿಮೆ. ಕಂಬದ ತಲೆ ಬಾಗಿಲಿನ ಕಡೆಗೆ ವಾಲಿದ್ದರೆ ಶೆಲ್ಫಿನ ಮುಂಬದಿ ತಗ್ಗಾಗುತ್ತದೆ, ಭಾರದ ಭಾಗ ತಗ್ಗು ಹುಡುಕಿಕೊಂಡು ಮುಂದೆ ಬರುತ್ತದೆ. ಅದೇ ಕಂಬ ಗೋಡೆಯ ಕಡೆಗೆ ವಾಲಿದ್ದರೆ ಭಾರದ ಭಾಗ ಹಿಂದಕ್ಕೆ ಹೋಗಿ, ಕತ್ತರಿಸಿದ ಭಾಗ ಬಾಗಿಲಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ನಿಮಗೆ ತೊಂದರೆಯೇ ಕಾಣುತ್ತಿರಲಿಲ್ಲ.

ಶೆಲ್ಫಿನ ಮೇಲಿರುವುದನ್ನೆಲ್ಲ ಇಳಿಸಿ. ಸಾಮಾನು ಒಂದೇ ಕಡೆ ಹೇರಿದ್ದರೆ ಪರೀಕ್ಷೆ ತಪ್ಪುತ್ತದೆ. ಮೊದಲು ಕಪಾಟಿನ ತಳದ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು, ಉದ್ದ ಅಗಲ ಎರಡೂ ದಿಕ್ಕಿನಲ್ಲಿ ಮಟ್ಟ ನೋಡಿ. ಕಪಾಟೇ ವಾಲಿದ್ದರೆ ಅದರ ಕಾಲುಗಳನ್ನು ಸರಿಪಡಿಸಿ. ಕಂಬ ಮುಟ್ಟುವ ಅಗತ್ಯವೇ ಬರಲಿಕ್ಕಿಲ್ಲ. ಕಪಾಟು ಮಟ್ಟವಾಗಿದ್ದರೆ ಲೆವೆಲ್ಲನ್ನು ಕಂಬಕ್ಕೆ ಉದ್ದಕ್ಕೆ ಆನಿಸಿ. ಒಮ್ಮೆ ಬಾಗಿಲಿನ ಕಡೆಯಿಂದ, ಒಮ್ಮೆ ಅದಕ್ಕೆ ಲಂಬವಾದ ಪಕ್ಕದಿಂದ ನೋಡಬೇಕು. ಒಂದೇ ಕಡೆ ನೋಡಿದರೆ ಅರ್ಧ ಕೆಲಸ. ಗುಳ್ಳೆ ನಡುವಿಗೆ ಬಾರದಿದ್ದರೆ ಲೆವೆಲ್ಲಿನ ಒಂದು ತುದಿಗೆ ತೆಳು ವಾಷರ್ ಇಡುತ್ತಾ ಬನ್ನಿ. ಎಷ್ಟು ದಪ್ಪಕ್ಕೆ ಗುಳ್ಳೆ ನಡುವೆ ನಿಲ್ಲುತ್ತದೋ ಅದೇ ವಾಲಿಕೆ. 600 ಮಿ.ಮೀ. ಲೆವೆಲ್ಲಿಗೆ 2 ಮಿ.ಮೀ. ಬೇಕಾಯಿತು ಎಂದರೆ, 720 ಮಿ.ಮೀ. ಎತ್ತರದ ಕಂಬದ ತಲೆಯನ್ನು 2.4 ಮಿ.ಮೀ. ಸರಿಸಬೇಕು.

ಮೇಲಿನ ಬ್ರಾಕೆಟ್ಟಿನಲ್ಲಿ ಸಾಮಾನ್ಯವಾಗಿ ಉದ್ದನೆಯ ತೂತುಗಳಿರುತ್ತವೆ. ಸ್ಕ್ರೂ ಸಡಿಲಿಸಿ ಅಷ್ಟು ಸರಿಸಿ ಬಿಗಿ ಮಾಡಿ. ಉದ್ದನೆಯ ತೂತಿಲ್ಲದಿದ್ದರೆ ಬ್ರಾಕೆಟ್ಟನ್ನು ಕಂಬದ ಸುತ್ತ ಸ್ವಲ್ಪ ತಿರುಗಿಸಿ ಹೊಸ ಜಾಗದಲ್ಲಿ ತೂತು ಹಾಕಿ. ಹಳೆಯ ತೂತಿನಿಂದ ಎರಡು ಮಿ.ಮೀ. ಪಕ್ಕಕ್ಕೆ ಕೊರೆದರೆ ಸ್ಕ್ರೂ ಜಾರಿ ಹಳೆಯ ತೂತಿಗೇ ಹೋಗುತ್ತದೆ. ಪೂರ್ತಿ ನೆಟ್ಟಗೆ ನಿಲ್ಲಿಸುವುದೇ ಸರಿ. ಆಗದೇ ಹೋದರೆ ಉಳಿದ ವಾಲಿಕೆ ಗೋಡೆಯ ಕಡೆಗೇ ಇರಲಿ.

ಪ್ರಶ್ನೆ: ನಡುಗಂಬದ ಮೇಲಿನ ಶೆಲ್ಫು ದಿನ ಕಳೆದಂತೆ ಕೆಳಗೆ ಜಾರುತ್ತದೆ. ಅದರ ಸ್ಕ್ರೂ ಬಿಗಿ ಮಾಡಿದರೂ ಮತ್ತೆ ಜಾರುತ್ತಿದೆ.

ಶೆಲ್ಫಿನ ನಡುವಿನ ಗುಬುಟಿನಲ್ಲಿರುವ ಸೆಟ್ ಸ್ಕ್ರೂ ನುಣುಪಾದ ಪೈಪಿನ ಮೇಲೆ ಒತ್ತಿ ನಿಂತಿದೆ ಅಷ್ಟೆ. ಇನ್ನೂ ಬಿಗಿ ಮಾಡುತ್ತ ಹೋದರೆ ಪ್ಲಾಸ್ಟಿಕ್ ಗುಬುಟಿನ ಮರೆ (ಸ್ಕ್ರೂ ಹಿಡಿಯುವ ಸುರುಳಿ ಗೆರೆ) ಹರಿಯುತ್ತದೆ, ಆಮೇಲೆ ಗುಬುಟನ್ನೇ ಬದಲಿಸಬೇಕು.

ಶೆಲ್ಫನ್ನು ಬೇಕಾದ ಎತ್ತರಕ್ಕೆ ಎತ್ತಿ, ಕೆಳಗೆ ಮರದ ತುಂಡು ಆನಿಸಿ ನಿಲ್ಲಿಸಿ. ಸ್ಕ್ರೂ ಪೂರ್ತಿ ತೆಗೆದು, ಅದೇ ತೂತಿನ ಮೂಲಕ ಪೈಪಿನ ಮೇಲೆ ಗುರುತು ಮಾಡಿಕೊಳ್ಳಿ. ಶೆಲ್ಫು ಸರಿಸಿ ಆ ಗುರುತಿನ ಮೇಲೆ ಸೆಂಟರ್ ಪಂಚ್ ಹೊಡೆದು, ಸ್ಕ್ರೂವಿನ ಮೊನೆ ಕೂರುವಷ್ಟು, ಸುಮಾರು 1 ಮಿ.ಮೀ. ಆಳದ ಕುಳಿ ಕೊರೆಯಿರಿ. ಪೈಪಿನ ಗೋಡೆ ತೆಳುವಾಗಿದ್ದು ಡ್ರಿಲ್ ಆಚೆಗೆ ಹೋದರೂ ಚಿಂತೆಯಿಲ್ಲ. ಸ್ಕ್ರೂ ತೂತಿನೊಳಗೆ ಹೋಗಿ ಇನ್ನೂ ಭದ್ರವಾಗಿ ಹಿಡಿಯುತ್ತದೆ. ಪೈಪಿಗೆ ಎಣ್ಣೆ ಜಿಡ್ಡು ಹತ್ತಿದ್ದರೆ ಸ್ಪಿರಿಟ್ಟಿನಿಂದ ಒರೆಸಿ. ಮರೆ ಈಗಾಗಲೇ ಹರಿದಿದ್ದರೆ, ಗುಬುಟಿನ ಕೆಳಗೆ ಪೈಪಿನ ಹೊರವ್ಯಾಸಕ್ಕೆ ಹೊಂದುವ ಉಕ್ಕಿನ ಶಾಫ್ಟ್ ಕಾಲರ್ (ಪೈಪನ್ನು ಬಿಗಿಯಾಗಿ ಹಿಡಿಯುವ ಬಳೆ) ಹಾಕಿ ಬಿಗಿ ಮಾಡಿ. ಆಗ ಭಾರ ಕಾಲರ್ ಮೇಲೆ ಕೂರುತ್ತದೆ, ಸ್ಕ್ರೂವಿಗೆ ಶೆಲ್ಫು ಕಂಬದ ಮೇಲೆ ಪಕ್ಕಕ್ಕೆ ತಿರುಗದಂತೆ ಹಿಡಿಯುವ ಕೆಲಸ ಮಾತ್ರ ಉಳಿಯುತ್ತದೆ.

ಪ್ರಶ್ನೆ: 600 ಮಿ.ಮೀ. ದುಂಡು ತಟ್ಟೆಯ ಕೆಳಗೆ 6 ಇಂಚಿನ ಚೌಕ ಸ್ವಿವೆಲ್ ಪ್ಲೇಟ್ (ಎರಡು ತಗಡುಗಳ ನಡುವೆ ಗುಂಡುಗಳಿರುವ ಬೇರಿಂಗ್) ಹಾಕಿದ್ದೇನೆ. ಪೊಟ್ಟಣದ ಮೇಲೆ 225 ಕಿಲೋ ತಡೆಯುತ್ತದೆ ಎಂದಿದೆ. ನಾನಿಟ್ಟಿರುವುದು ಅದರ ಕಾಲು ಭಾಗವೂ ಇಲ್ಲ. ಆದರೂ ಅಂಚಿನಲ್ಲಿ ಒಂದು ಡಬ್ಬಿ ಇಟ್ಟ ಕೂಡಲೇ ತಟ್ಟೆ ವಾಲುತ್ತದೆ.

ಪೊಟ್ಟಣದ ಮೇಲಿನ ಅಂಕಿ ನಡುವಿನಲ್ಲಿ ಸಮನಾಗಿ ಹಂಚಿ ಇಟ್ಟ ಭಾರಕ್ಕೆ. ಎರಡು ಪ್ಲೇಟುಗಳ ನಡುವಿನ ಗುಂಡುಗಳನ್ನು ಮೇಲಿನಿಂದ ಒತ್ತುವ ಭಾರವನ್ನು ಅವು ಚೆನ್ನಾಗಿ ತಡೆಯುತ್ತವೆ. ಅಂಚಿನ ಭಾರ ಮಾಡುವುದು ಬೇರೆ ಕೆಲಸ: ಎದುರು ಬದಿಯಲ್ಲಿ ಎರಡು ಪ್ಲೇಟುಗಳನ್ನು ಬಿಡಿಸಲು ಎಳೆಯುತ್ತದೆ. ಅಲ್ಲಿ ಅವುಗಳನ್ನು ಹಿಡಿದಿರುವುದು ಮಡಚಿದ ತಗಡಿನ ಅಂಚು ಮಾತ್ರ.

ನಿಮ್ಮ ತಟ್ಟೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. 18 ಮಿ.ಮೀ. ಪ್ಲೈವುಡ್ಡಿನ 600 ಮಿ.ಮೀ. ತಟ್ಟೆ ಸುಮಾರು 3 ಕಿಲೋ ತೂಗುತ್ತದೆ. 6 ಇಂಚಿನ ಪ್ಲೇಟಿನಲ್ಲಿ ಗುಂಡುಗಳ ವೃತ್ತದ ತ್ರಿಜ್ಯ 65 ಮಿ.ಮೀ. ಎನ್ನೋಣ. ಕೇಂದ್ರದಿಂದ 280 ಮಿ.ಮೀ. ದೂರದಲ್ಲಿ 5 ಕಿಲೋ ಡಬ್ಬಿ ಇಟ್ಟರೆ, ಗುಂಡುಗಳ ಅಂಚಿನಿಂದ ಅದು 215 ಮಿ.ಮೀ. ಆಚೆಗಿದೆ. ಡಬ್ಬಿ ಕೆಳಗೆಳೆಯುವುದು 5 ಗುಣಿಸು 215, ಅಂದರೆ 1075. ತಟ್ಟೆಯ ಸ್ವಂತ ತೂಕ ತಡೆಯುವುದು 3 ಗುಣಿಸು 65, ಅಂದರೆ 195. ಉಳಿದ 880ನ್ನು ವೃತ್ತದ ವ್ಯಾಸ 130ರಿಂದ ಭಾಗಿಸಿ: ಎದುರು ಬದಿಯ ತಗಡನ್ನು ಸುಮಾರು 7 ಕಿಲೋ ಬಲ ಮೇಲಕ್ಕೆ ಎಳೆಯುತ್ತಿದೆ. 12 ಇಂಚಿನ ದುಂಡು ಬೇರಿಂಗಿಗೆ ಗುಂಡುಗಳ ತ್ರಿಜ್ಯ 140 ಎಂದು ಹಿಡಿದು ಇದನ್ನೇ ಲೆಕ್ಕ ಹಾಕಿದರೆ, 700ರಲ್ಲಿ 420 ಕಳೆದು 280 ಉಳಿಯುತ್ತದೆ. ಅದನ್ನು 280ರಿಂದ ಭಾಗಿಸಿದರೆ ಎಳೆತ ಕೇವಲ 1 ಕಿಲೋ. ಡಬ್ಬಿಯೂ ಅದೇ, ತಟ್ಟೆಯೂ ಅದೇ.

ಆದ್ದರಿಂದ ಬೇರಿಂಗ್ ಆರಿಸುವಾಗ ಕಿಲೋ ಅಂಕಿಗಿಂತ ವ್ಯಾಸ ನೋಡಿ. ತಟ್ಟೆಯ ವ್ಯಾಸದ ಅರ್ಧದಷ್ಟು ಅಗಲದ ಬೇರಿಂಗ್ ಹಾಕಿ ಎಂಬುದು ನಮ್ಮ ಸಲಹೆ. ನಿಮ್ಮ ತಟ್ಟೆಗೆ 12 ಇಂಚಿನ ದುಂಡು ಬೇರಿಂಗ್ ಸರಿ. 3 ಮತ್ತು 4 ಇಂಚಿನ ಚೌಕ ಪ್ಲೇಟುಗಳು 200–250 ಮಿ.ಮೀ. ಸಣ್ಣ ತಟ್ಟೆಗಳಿಗೆ ಸಾಕು. ಸಣ್ಣ ಬೇರಿಂಗಿನ ನಾಲ್ಕೂ ಕಡೆ ಗಾಲಿಗಳನ್ನಿಟ್ಟು ಆಸರೆ ಕೊಡಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಕೊಡಬಹುದು, ಆದರೆ ಗಾಲಿ ಓಡುವ ಹಲಗೆ ಎಲ್ಲೂ ತಗ್ಗು ದಿಣ್ಣೆ ಇಲ್ಲದೆ ನುಣುಪಾಗಿರಬೇಕು, ಗಾಲಿಗಳ ಎತ್ತರ ಬೇರಿಂಗಿನ ಎತ್ತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ದೊಡ್ಡ ಬೇರಿಂಗ್ ಹಾಕುವುದು ಅದಕ್ಕಿಂತ ಸುಲಭ.

ಪ್ರಶ್ನೆ: ಚೌಕ ಪ್ಲೇಟಿನ ಕೆಳಭಾಗವನ್ನು ಹಲಗೆಗೆ ಸ್ಕ್ರೂ ಮಾಡಿದೆ. ಈಗ ಮೇಲ್ಭಾಗವನ್ನು ತಟ್ಟೆಗೆ ಸ್ಕ್ರೂ ಮಾಡಲು ಕೈಯೇ ಹೋಗುವುದಿಲ್ಲ. ಅಂಟು ಹಾಕಿಬಿಡಲೇ?

ಅಂಟು ಬೇಡ. ಅದು ಗುಂಡುಗಳ ದಾರಿಗೆ ಹರಿದರೆ ಬೇರಿಂಗ್ ಹಾಳು, ಮುಂದೆ ಬಿಚ್ಚಲೂ ಬರುವುದಿಲ್ಲ. ಕೆಳಹಲಗೆಯಲ್ಲಿ ಸ್ಕ್ರೂಡ್ರೈವರ್ ತೂರಿಸಲು ಒಂದು ತೂತು ಬೇಕು, ಅಷ್ಟೆ.

ಕೆಳಹಲಗೆಯ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಕೇಂದ್ರ ಗುರುತಿಸಿ, ಪ್ಲೇಟನ್ನು ಅಲ್ಲಿಟ್ಟು ನಾಲ್ಕು ತೂತುಗಳ ಗುರುತು ಹಾಕಿ. ಪ್ಲೇಟಿನ ಕೇಂದ್ರದಿಂದ ಮೂಲೆಯ ತೂತಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ, ಆದರೆ ಎರಡು ಮೂಲೆಗಳ ಸರಿ ನಡುವಿನ ದಿಕ್ಕಿನಲ್ಲಿ, 20 ಮಿ.ಮೀ. ತೂತು ಕೊರೆಯಿರಿ. ಮೇಲಿನ ಪ್ಲೇಟನ್ನು 45 ಡಿಗ್ರಿ ತಿರುಗಿಸಿದಾಗ ಅದರ ಮೂಲೆ ಕೆಳಗಿನ ಪ್ಲೇಟಿನಿಂದ ಆಚೆಗೆ ಚಾಚಿ ಈ ತೂತಿನ ಮೇಲೆ ಬರುತ್ತದೆ. ಅದೇ ರೀತಿ ತಿರುಗಿಸಿದಾಗ ಕೆಳಗಿನ ಪ್ಲೇಟಿನ ಮೂಲೆಗಳೂ ಮೇಲಿನಿಂದ ಬಯಲಾಗುತ್ತವೆ; ಮೊದಲು ಅವುಗಳಿಗೆ ಸ್ಕ್ರೂ ಹಾಕಿ. ಆಮೇಲೆ ತಟ್ಟೆಯನ್ನು ಬೋರಲು ಹಾಕಿ, ಕೆಳಹಲಗೆಯನ್ನು ಬೇರಿಂಗ್ ಸಮೇತ ಅದರ ಮೇಲಿಟ್ಟು ಕೇಂದ್ರಕ್ಕೆ ಹೊಂದಿಸಿ, 20 ಮಿ.ಮೀ. ತೂತಿನೊಳಗಿಂದ ಮೊದಲ ಸ್ಕ್ರೂ ಹಾಕಿ. ಕೆಳಹಲಗೆಯನ್ನು 90 ಡಿಗ್ರಿ ತಿರುಗಿಸಿದರೆ ಮುಂದಿನ ತೂತು ಎದುರಾಗುತ್ತದೆ. ಎರಡನೆಯ ಸ್ಕ್ರೂ ಮೊದಲನೆಯದರ ಎದುರು ಮೂಲೆಗೆ ಹಾಕಿ, ಒಮ್ಮೆ ತಿರುಗಿಸಿ ನೋಡಿ, ನಡು ಸರಿಯಿದ್ದರೆ ಮಾತ್ರ ಉಳಿದೆರಡು ಹಾಕಿ.

ಸ್ಕ್ರೂ 3.5 ಮಿ.ಮೀ. ದಪ್ಪ, 18 ಮಿ.ಮೀ. ಹಲಗೆಗೆ 12ರಿಂದ 16 ಮಿ.ಮೀ. ಉದ್ದ. ಮೊದಲು 2.5 ಮಿ.ಮೀ. ತೂತು ಹಾಕಿಕೊಳ್ಳಿ, ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಇಟ್ಟುಕೊಳ್ಳಿ. ಹೊಸ ತಟ್ಟೆಯ ಮೇಲ್ಮೈಯಿಂದ ಸ್ಕ್ರೂ ಮೊನೆ ಹೊರಬರುವುದು ಇಲ್ಲಿ ಸಾಮಾನ್ಯ ಅನಾಹುತ. ತಲೆ ಎತ್ತರವಾಗಿದ್ದರೆ ಎದುರು ಪ್ಲೇಟಿಗೆ ತಗುಲಿ ಪ್ರತಿ ಸುತ್ತಿನಲ್ಲೂ ಟಕ್ ಎನ್ನುತ್ತದೆ, ಆದ್ದರಿಂದ ಚಪ್ಪಟೆ ತಲೆಯ ಸ್ಕ್ರೂ ಆರಿಸಿ.

ಬೇರಿಂಗ್ ನೇರ ಕಪಾಟಿನ ತಳದ ಮೇಲೇ ಕೂರಬೇಕಾಗಿದ್ದು ಕೆಳಗಿನಿಂದ ಕೈ ಹೋಗದಿದ್ದರೆ, ಪ್ರತ್ಯೇಕ 12 ಮಿ.ಮೀ. ಚೌಕ ಹಲಗೆಯ ಮೇಲೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ. ಚೌಕದ ಬದಿ ತಟ್ಟೆಯ ವ್ಯಾಸದಷ್ಟಿದ್ದರೆ ಅದರ ನಾಲ್ಕು ಮೂಲೆಗಳು ದುಂಡು ತಟ್ಟೆಯ ಹೊರಗೆ ಉಳಿಯುತ್ತವೆ. ಕಪಾಟಿನೊಳಗಿಟ್ಟು ಆ ಮೂಲೆಗಳಲ್ಲಿ ಸ್ಕ್ರೂ ಹಾಕಿದರೆ ಮುಗಿಯಿತು.

ಪ್ರಶ್ನೆ: ತಿರುಗಿಸಿದರೆ ಕರಕರ ಸದ್ದು, ಒಂದು ಜಾಗದಲ್ಲಿ ಬಿಗಿ. ಯಾವ ಎಣ್ಣೆ ಹಾಕಬೇಕು?

ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಿಗಿಯಾಗುತ್ತಿದ್ದರೆ ಎಣ್ಣೆಗೆ ಮೊದಲು ಹಲಗೆ ನೋಡಿ. ಡೊಂಕು ಹಲಗೆಯ ಮೇಲೆ ಸ್ಕ್ರೂ ಬಿಗಿದಾಗ ತೆಳು ಪ್ಲೇಟ್ ಹಲಗೆಯ ಆಕಾರಕ್ಕೇ ಬಾಗುತ್ತದೆ, ಗುಂಡುಗಳ ದಾರಿ ಅಲ್ಲಿ ಕಿರಿದಾಗುತ್ತದೆ. ನಾಲ್ಕೂ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ತಿರುಗಿಸಿ. ಸಲೀಸಾಯಿತೆಂದರೆ ಹಲಗೆಯದೇ ತಪ್ಪು. ಯಾವ ಮೂಲೆಯ ಕೆಳಗೆ ಸಂದಿ ಕಾಣುತ್ತದೋ ಅಲ್ಲಿ ತೆಳು ರಟ್ಟು ಅಥವಾ ಲ್ಯಾಮಿನೇಟ್ ಚೂರು ಇಟ್ಟು ಮತ್ತೆ ಬಿಗಿ ಮಾಡಿ.

ಸದ್ದು ಸುತ್ತಲೂ ಒಂದೇ ಸಮ ಇದ್ದರೆ ಗ್ರೀಸು ಒಣಗಿದೆ, ಇಲ್ಲವೇ ಪುಡಿ ಕಸ ಒಳಗೆ ಸೇರಿದೆ. ಬಿಚ್ಚಿ, ಒಣ ಬ್ರಷ್ಷಿನಿಂದ ಗುಂಡುಗಳ ದಾರಿಯನ್ನು ಶುಚಿ ಮಾಡಿ, ಬಿಳಿ ಲಿಥಿಯಂ ಗ್ರೀಸನ್ನು ತೆಳ್ಳಗೆ ಹಚ್ಚಿ. ಪ್ಲಾಸ್ಟಿಕ್ ಭಾಗವಿದ್ದರೆ ಸಿಲಿಕಾನ್ ಗ್ರೀಸ್. ತುಕ್ಕು ಬಿಡಿಸುವ ನೀರಿನಂಥ ಸ್ಪ್ರೇ ಬೇಡ: ಎರಡು ದಿನ ಸದ್ದು ನಿಲ್ಲಿಸಿ, ಒಳಗಿದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ. ಅಡುಗೆ ಎಣ್ಣೆಯಂತೂ ಗಟ್ಟಿಯಾಗಿ ಅಂಟಿನಂತೆ ಕೂರುತ್ತದೆ.

ಪ್ರಶ್ನೆ: ಕಪಾಟಿನ ಒಳ ಅಳತೆ 760 ಮಿ.ಮೀ. ಎಷ್ಟು ದೊಡ್ಡ ಶೆಲ್ಫು ಹಾಕಬಹುದು?

ಒಳಗಿನ ಅತಿ ಕಿರಿದಾದ ಅಳತೆಯಿಂದ 25 ಮಿ.ಮೀ. ಕಳೆಯಿರಿ, ಸುತ್ತಲೂ 12 ಮಿ.ಮೀ. ಬಿಡುವು ಸಿಗುತ್ತದೆ. ಆ ಲೆಕ್ಕಕ್ಕೆ ನಿಮ್ಮದಕ್ಕೆ 735 ಮಿ.ಮೀ.ವರೆಗೆ ಆಗಬಹುದು, ಸಿದ್ಧ ಶೆಲ್ಫು ತರುವುದಾದರೆ 28 ಇಂಚಿನದು, ಅಂದರೆ 711 ಮಿ.ಮೀ. ಹೊಂದುತ್ತದೆ. ಅಳೆಯುವಾಗ ಹಿಂಜ್, ಬಾಗಿಲಿನ ಚೌಕಟ್ಟಿನ ಒಳಚಾಚು, ಗೋಡೆಯ ಪೈಪ್ ಇವೆಲ್ಲವನ್ನೂ ಗಮನಿಸಿ. ಅತಿ ಕಿರಿದು ಎಂದದ್ದು ಅದಕ್ಕೇ.

ಎಲ್ಲರೂ ಮರೆಯುವುದು ಶೆಲ್ಫು ಒಳಗೆ ಹೋಗುತ್ತದೆಯೇ ಎಂಬುದನ್ನು. ದುಂಡು ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಬಾಗಿಲಿನ ತೆರಪಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ತೂರಿಸಬೇಕು. ಆದ್ದರಿಂದ ತೆರಪಿನ ಓರೆ ಅಳತೆ ತಟ್ಟೆಯ ವ್ಯಾಸಕ್ಕಿಂತ ಹೆಚ್ಚಿರಬೇಕು. 400 ಅಗಲ 650 ಎತ್ತರದ ತೆರಪಿನ ಓರೆ ಸುಮಾರು 763 ಮಿ.ಮೀ.; 711ರ ತೆಳು ತಟ್ಟೆ ಹೋಗುತ್ತದೆ. ಅಂಚಿಗೆ 50 ಮಿ.ಮೀ. ಕಟ್ಟೆ ಇದ್ದರೆ ಹೋಗುವುದು ಕಷ್ಟ. ತರುವ ಮೊದಲು ಅದೇ ಅಳತೆಯ ರಟ್ಟು ಕತ್ತರಿಸಿ ತೂರಿಸಿ ನೋಡಿ.

ಪ್ರಶ್ನೆ: ತಿರುಗಿಸುವಾಗ ಸೀಸೆಗಳು ಉರುಳಿ ಕಪಾಟಿನ ಹಿಂದೆ ಬೀಳುತ್ತವೆ.

ಕೇಂದ್ರದಿಂದ 300 ಮಿ.ಮೀ. ದೂರದ ಸೀಸೆ ಎರಡು ಸೆಕೆಂಡಿಗೊಂದು ಸುತ್ತು ಹೋದರೆ, ತನ್ನ ತೂಕದ ಸುಮಾರು ಶೇ. 30ರಷ್ಟು ಬಲ ಅದನ್ನು ಹೊರಕ್ಕೆ ದಬ್ಬಿದಂತಾಗುತ್ತದೆ. ನುಣುಪು ಲ್ಯಾಮಿನೇಟ್ ಮೇಲೆ ಜಾರಲು, ಎತ್ತರದ ಸೀಸೆ ಉರುಳಲು ಅಷ್ಟು ಸಾಕು. ಸೆಕೆಂಡಿಗೊಂದು ಸುತ್ತಾದರೆ ಬಲ ನಾಲ್ಕು ಪಟ್ಟು. ಎತ್ತರದವನ್ನು ಕಂಬದ ಹತ್ತಿರ, ಗಿಡ್ಡವನ್ನು ಅಂಚಿನಲ್ಲಿ ಇಡಿ. ಅಂಚಿಗೆ 40–50 ಮಿ.ಮೀ. ಕಟ್ಟೆ, ಮೇಲೆ ರಬ್ಬರ್ ಮ್ಯಾಟ್ ಹಾಕಿ. ತುಂಬ ಸಲೀಸಾಗಿ ಓಡುತ್ತಿದ್ದರೆ ಸ್ವಲ್ಪ ಗಟ್ಟಿ ಗ್ರೀಸ್ ಹಚ್ಚಿದರೆ ವೇಗ ತಗ್ಗುತ್ತದೆ.

ಪ್ರಶ್ನೆ: ಶೆಲ್ಫಿಗೇ ಬಾಗಿಲು ಜೋಡಿಸಿರುವ ಮೂಲೆ ಕಪಾಟು ನಮ್ಮದು. ಬಾಗಿಲು ಮುಚ್ಚಿದಾಗ ಒಂದು ಕಡೆ ಸಂದಿ ಹೆಚ್ಚು, ಇನ್ನೊಂದು ಕಡೆ ಚೌಕಟ್ಟಿಗೆ ಉಜ್ಜುತ್ತದೆ. ಕಂಬದ ಮೇಲಿನ ಬ್ರಾಕೆಟ್ಟೂ ಕಿತ್ತು ಬಂದಿದೆ.

ಬ್ರಾಕೆಟ್ಟಿನಿಂದ ಶುರು ಮಾಡಿ; ಅದು ಸಡಿಲವಿರುವಾಗ ಬಾಗಿಲನ್ನು ಎಷ್ಟು ಹೊಂದಿಸಿದರೂ ನಿಲ್ಲದು. ಇಂಥ ಜೋಡಣೆಯಲ್ಲಿ ಭಾರವೆಲ್ಲ ತಳದ ಬೇರಿಂಗಿನ ಮೇಲಿರುತ್ತದೆ, ಮೇಲಿನ ಬ್ರಾಕೆಟ್ ಕಂಬವನ್ನು ಪಕ್ಕಕ್ಕೆ ಅಲುಗದಂತೆ ಹಿಡಿಯುತ್ತದೆ. ಪಾರ್ಟಿಕಲ್ ಬೋರ್ಡಿಗೆ ಹಾಕಿದ ಗಿಡ್ಡ ಸ್ಕ್ರೂಗಳು ಈ ಅಲುಗಾಟಕ್ಕೆ ತೂತನ್ನೇ ಪುಡಿ ಮಾಡಿಕೊಂಡು ಹೊರಬರುತ್ತವೆ. ಅದೇ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕಿದರೆ ಹೆಚ್ಚು ದಿನ ಬಾರದು. 18 ಮಿ.ಮೀ. ಪ್ಲೈವುಡ್ಡಿನ 150 ಮಿ.ಮೀ. ಚೌಕ ತುಂಡನ್ನು ಮರದ ಅಂಟು ಹಚ್ಚಿ ಒಳಮೇಲ್ಭಾಗಕ್ಕೆ ಆನಿಸಿ, 4 ಮಿ.ಮೀ. ದಪ್ಪದ 30 ಮಿ.ಮೀ. ಉದ್ದದ ನಾಲ್ಕು ಸ್ಕ್ರೂ ಹಾಕಿ (ಮೇಲ್ಹಲಗೆ 16 ಮಿ.ಮೀ.ಗಿಂತ ತೆಳುವಾಗಿದ್ದರೆ 25ರ ಸ್ಕ್ರೂ). ಅಂಟು ಒಣಗಿದ ಮೇಲೆ ಬ್ರಾಕೆಟ್ಟನ್ನು ಆ ತುಂಡಿಗೆ ಜೋಡಿಸಿ. ಕಂಬ ಈಗ 18 ಮಿ.ಮೀ. ಗಿಡ್ಡವಾಗಬೇಕು: ಒಂದರೊಳಗೊಂದು ಜಾರುವ ಕಂಬವಾದರೆ ಇಳಿಸಿ, ಒಂದೇ ಪೈಪಾದರೆ ಗರಗಸದಿಂದ ಕತ್ತರಿಸಿ ಅಂಚು ಅರ ಹಾಕಿ.

ಆಮೇಲೆ ಬಾಗಿಲು. ಕ್ರಮ ತಪ್ಪಿಸಬೇಡಿ: ಮೊದಲು ಎತ್ತರ, ಆಮೇಲೆ ವಾಲಿಕೆ, ಕೊನೆಗೆ ತಿರುಗುವ ಸ್ಥಾನ. ತಳದ ಬೇರಿಂಗಿನ ಹೊಂದಿಸುವ ಸ್ಕ್ರೂವಿನಿಂದ ಬಾಗಿಲನ್ನು ಎತ್ತಿ, ಕೆಳಗೂ ಮೇಲೂ ಸಂದಿ ಸಮ ಮಾಡಿ. ಸಂದಿ ಮೇಲೆ ಅಗಲ ಕೆಳಗೆ ಕಿರಿದು ಎಂಬಂತಿದ್ದರೆ ಕಂಬ ವಾಲಿದೆ, ಮೊದಲ ಪ್ರಶ್ನೆಯಲ್ಲಿ ಹೇಳಿದಂತೆ ಅದನ್ನು ನೆಟ್ಟಗೆ ಮಾಡಿ. ಇನ್ನು ಮುಚ್ಚಿದಾಗ ಬಾಗಿಲು ನಿಲ್ಲುವ ಜಾಗ. ಕಂಬದ ಬುಡದಲ್ಲಿ ಕ್ಯಾಮ್ ಎಂಬ ಗುಳಿಯಿರುವ ಬಿಲ್ಲೆ ಇದ್ದು, ಸ್ಪ್ರಿಂಗಿನ ಒತ್ತಡದ ಚಿಕ್ಕ ಗಾಲಿ ಆ ಗುಳಿಗೆ ಬಿದ್ದು ಬಾಗಿಲನ್ನು ನಿಲ್ಲಿಸುತ್ತದೆ. ಬಾಗಿಲಿನ ಎರಡೂ ಬದಿಗೆ 3 ಮಿ.ಮೀ. ದಪ್ಪದ ರಟ್ಟು ಸಿಕ್ಕಿಸಿ ನಡುವೆ ನಿಲ್ಲಿಸಿ, ಕ್ಯಾಮಿನ ಸ್ಕ್ರೂ ಸಡಿಲಿಸಿ, ಗಾಲಿ ಗುಳಿಯಲ್ಲಿ ಕೂರುವವರೆಗೆ ಕ್ಯಾಮ್ ತಿರುಗಿಸಿ ಬಿಗಿ ಮಾಡಿ. ರಟ್ಟು ತೆಗೆದು ಎರಡೂ ದಿಕ್ಕಿನಿಂದ ತಿರುಗಿಸಿ ತಂದು ನೋಡಿ. ಒಂದು ದಿಕ್ಕಿನಿಂದ ಬಂದಾಗ ಮಾತ್ರ ತಪ್ಪುತ್ತಿದ್ದರೆ ಸ್ಪ್ರಿಂಗ್ ಸೋತಿದೆ, ಅದೊಂದನ್ನೇ ಬದಲಿಸಿ.

ಈ ಬಗೆಯ ಬಾಗಿಲು ತಿರುಗುತ್ತ ಕಪಾಟಿನೊಳಕ್ಕೆ ಹೋಗುತ್ತದೆ, ಅಂಚಿನಲ್ಲಿ ಬೆರಳು ಸಿಕ್ಕಿಕೊಳ್ಳಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸಂದಿಯನ್ನು 3 ಮಿ.ಮೀ.ಗಿಂತ ಹೆಚ್ಚು ಬಿಡದೆ, ಬಾಗಿಲಿನ ಅಂಚಿಗೆ ಮೆತ್ತನೆಯ ರಬ್ಬರ್ ಪಟ್ಟಿ ಅಂಟಿಸಿ.